ಸಣ್ಣ ಮನೆ, ಸಣ್ಣ ಮಕ್ಕಳು: ಯಾವ ತಳಿಯ ನಾಯಿ ತರಬೇಕು?

ವಿಜಯಪುರದ ಮನೆಗೆ ನಾಯಿ ತರುವ ಮುಂಚೆ ಏಪ್ರಿಲ್‌ ತಿಂಗಳ ಒಂದು ಮಧ್ಯಾಹ್ನ, ಮೂರು ಗಂಟೆಗೆ, ಅದು ಮಲಗಬೇಕಾದ ಜಾಗದಲ್ಲಿ ಹತ್ತು ನಿಮಿಷ ನೆಲದ ಮೇಲೆ ಕೂತು ನೋಡಿ. ಹೊರಗೆ ಬಿಸಿಲು 40 ಡಿಗ್ರಿಯ ಆಸುಪಾಸು ಇರುತ್ತದೆ. ಮಣ್ಣಿನ ಮಾಳಿಗೆಯ ಹಳೆ ಮನೆಯ ಪಡಸಾಲೆ, ಶಹಾಬಾದ್‌ ಪರಸಿ ಹಾಸಿದ ನೆಲ ಆಗಲೂ ತಂಪಾಗಿರುತ್ತವೆ. ಪತ್ರಾಸಿನ ಕೆಳಗೆ, ಅಥವಾ ಮೇಲಿನ ಮಹಡಿಯ ಸ್ಲ್ಯಾಬ್‌ ಕೆಳಗಿನ ಕೋಣೆಯಲ್ಲಿ ಮನುಷ್ಯರಿಗೇ ಕೂರಲಾಗುವುದಿಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ತೇಕುತ್ತಲೇ ಮೈ ತಂಪು ಮಾಡಿಕೊಳ್ಳಬೇಕು. ಆ ಗಾಳಿ ಸಲೀಸಾಗಿ ಆಡಲು ಮೂಗು ಉದ್ದ ಇರಬೇಕು. ಹೀಗಾಗಿ ಬಾಗಲಕೋಟೆ, ವಿಜಯಪುರದ ಕಡೆ ತಳಿಯ ಮಾತು ಮೂಗಿನಿಂದಲೇ ಶುರುವಾಗಬೇಕು.

ಬೆಳಗಾವಿಯ ತೊಂದರೆ ಬೇರೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ತೇವ. ಉದ್ದ ಕೂದಲಿನ ನಾಯಿ ಒಣಗುವುದೇ ಇಲ್ಲ. ಚರ್ಮಕ್ಕೆ ಬೂಸು ಹತ್ತುತ್ತದೆ, ಜೋತುಬಿದ್ದ ಕಿವಿಯೊಳಗೆ ಕೀವಾಗಿ ವಾಸನೆ ಬರುತ್ತದೆ. ಕಾಕರ್‌ ಸ್ಪ್ಯಾನಿಯಲ್‌ನಂಥ ತಳಿಗೆ ಆ ನಾಲ್ಕು ತಿಂಗಳು ವಾರಕ್ಕೆ ಎರಡು ಸಲ ಕಿವಿ ತೆರೆದು ನೋಡಿ, ತೇವ ಒರೆಸಬೇಕಾಗುತ್ತದೆ.

ಎರಡನೆಯ ಪ್ರಶ್ನೆಯನ್ನು ಮನೆಯವರೆಲ್ಲ ಕೂಡಿ ಕೂತು ತೀರ್ಮಾನಿಸಬೇಕು: ಬೆಳಿಗ್ಗೆ ಆರಕ್ಕೆ ನಾಯಿಯನ್ನು ಅಡ್ಡಾಡಿಸುವವರು ಯಾರು? ಮಕ್ಕಳು ‘ನಾವು’ ಅನ್ನುತ್ತಾರೆ. ಹತ್ತು ವರ್ಷದೊಳಗಿನ ಮಗುವಿನ ಕೈಗೆ 15 ಕಿಲೋ ತೂಕದ ನಾಯಿಯ ಹಗ್ಗ ಕೊಟ್ಟು ಬೀದಿಗೆ ಕಳಿಸುವಂತಿಲ್ಲ. ಎದುರಿಗೆ ಇನ್ನೊಂದು ನಾಯಿ ಬಂದರೆ ಮಗುವನ್ನೇ ಎಳೆದುಕೊಂಡು ಹೋಗುತ್ತದೆ. ಈ ಕೆಲಸ ದೊಡ್ಡವರದೇ. ದಿನಕ್ಕೆ ಎರಡು ಸಲ, ಸಣ್ಣ ತಳಿಗೆ 20 ನಿಮಿಷ, ಮಧ್ಯಮ ಗಾತ್ರದ್ದಕ್ಕೆ 30ರಿಂದ 40 ನಿಮಿಷ. ಅಷ್ಟು ಹೊತ್ತು ಕೊಡುವವರು ಇಲ್ಲದಿದ್ದರೆ ನಾಯಿಯ ವಿಚಾರವನ್ನು ಸದ್ಯ ಮುಂದೆ ಹಾಕಿ. ಮನೆಯ ಅಳತೆಗಿಂತ ಇದು ದೊಡ್ಡದು: ಎರಡು ಕೋಣೆಯ ಮನೆಯಲ್ಲಿದ್ದು ದಿನಾ ಅಡ್ಡಾಡುವ ನಾಯಿ ಆರಾಮಾಗಿರುತ್ತದೆ, ದೊಡ್ಡ ಅಂಗಳದಲ್ಲಿ ಸರಪಳಿಗೆ ಬಿದ್ದ ನಾಯಿ ಸಿಡುಕಾಗುತ್ತದೆ.

ಮನೆಯ ಹಿರಿಯರ ಒಪ್ಪಿಗೆಯನ್ನೂ ಮೊದಲೇ ಕೇಳಿ. ದೇವರ ಕೋಣೆ, ಅಡುಗೆಮನೆಗೆ ನಾಯಿ ಬರಬಾರದು ಎಂದು ಅಜ್ಜಿ ಹೇಳಿದರೆ ಅದು ಪಾಲಿಸಬಹುದಾದ ನಿಯಮವೇ. ಮರಿ ಬಂದ ದಿನದಿಂದಲೇ ಆ ಬಾಗಿಲಿಗೆ ಎರಡೂವರೆ ಅಡಿಯ ಅಡ್ಡ ಹಲಗೆ ಹಾಕಿದರೆ ಸಾಕು. ಮೊದಲು ಒಳಗೆ ಬಿಟ್ಟು, ಆರು ತಿಂಗಳ ಮೇಲೆ ತಡೆಯಹೋದರೆ ನಾಯಿಗೆ ಅರ್ಥವಾಗುವುದಿಲ್ಲ.

ಮಗುವಿನ ವಯಸ್ಸು

ನಾಲ್ಕು ವರ್ಷದೊಳಗಿನ ಮಗು ಇರುವ ಮನೆಗೆ ಎರಡು ತಿಂಗಳ ಮರಿ ತರುವುದು ಕಷ್ಟದ ಆಯ್ಕೆ. ಮರಿಯ ಹಾಲುಹಲ್ಲು ಸೂಜಿಯಂತಿರುತ್ತವೆ. ಹಲ್ಲು ಬದಲಾಗಿ ಮುಗಿಯುವ ಆರು ತಿಂಗಳವರೆಗೂ ಅದು ಕೈ, ಕಾಲು, ಲಂಗದ ಅಂಚು ಕಚ್ಚುತ್ತಲೇ ಇರುತ್ತದೆ. ಮಗು ಚೀರುತ್ತದೆ, ಓಡುತ್ತದೆ. ಮರಿ ಅದನ್ನು ಆಟ ಎಂದುಕೊಂಡು ಇನ್ನಷ್ಟು ಬೆನ್ನು ಹತ್ತುತ್ತದೆ. ಇಂಥ ಮನೆಗೆ ಒಂದೂವರೆ, ಎರಡು ವರ್ಷದ, ಮಕ್ಕಳೊಂದಿಗೆ ಆಗಲೇ ಬೆಳೆದ ನಾಯಿ ಸಿಕ್ಕರೆ ಒಳ್ಳೆಯದು. ಅದರ ಗಾತ್ರ, ಸ್ವಭಾವ ಎರಡೂ ಕಣ್ಣೆದುರೇ ಇರುತ್ತವೆ. ಇನ್ನು ಮೂರು ಕಿಲೋದೊಳಗಿನ ಬೊಂಬೆಯಂಥ ನಾಯಿ ಚಿಕ್ಕ ಮಕ್ಕಳ ಕೈಗೆ ಬೇಡವೇ ಬೇಡ. ಎತ್ತಿಕೊಂಡ ಮಗು ಕೈಬಿಟ್ಟರೆ ಅದರ ಮುಂಗಾಲು ಮುರಿಯಬಹುದು.

ತಳಿಗಳು, ಒಂದೊಂದಾಗಿ

ಈ ಮೂರು ಜಿಲ್ಲೆಗಳ ಹೆಚ್ಚಿನ ಮನೆಗಳಿಗೆ ಮೊದಲ ಸಲಹೆ ಜವಾರಿ ನಾಯಿ, ಅಂದರೆ ನಮ್ಮ ಓಣಿಯ ನಾಯಿಯ ಮರಿ. ಬೆಳೆದ ಮೇಲೆ 15ರಿಂದ 20 ಕಿಲೋ, ಗಿಡ್ಡ ಕೂದಲು, ಉದ್ದ ಮೂಗು. ಬಿಸಿಲು ತಡೆಯುತ್ತದೆ, ಚರ್ಮದ ಕಾಯಿಲೆ ಕಡಿಮೆ, ಸಾಕಿದವರ ಮಕ್ಕಳನ್ನು ಬಹಳ ಹಚ್ಚಿಕೊಳ್ಳುತ್ತದೆ. ಇದರ ಒಂದು ಗುಣ ತಿಳಿದಿರಬೇಕು: ಅಪರಿಚಿತರ ಬಗ್ಗೆ ಸಂಶಯ ಜಾಸ್ತಿ. ಮೂರು ವಾರದಿಂದ ಹದಿನಾಲ್ಕು ವಾರದವರೆಗಿನ ಕಾಲದಲ್ಲಿ ಮರಿ ಏನೇನು ನೋಡುತ್ತದೋ ಅದಕ್ಕೆಲ್ಲ ಮುಂದೆ ಹೆದರುವುದು ಕಡಿಮೆ. ಆ ದಿನಗಳಲ್ಲಿ ಮಕ್ಕಳ ಗೆಳೆಯರು, ಹಾಲಿನವರು, ಶಾಲೆಯ ಆಟೋ, ಮಿಕ್ಸರ್‌ ಸದ್ದು, ಕೊಡೆ ಹಿಡಿದವರು ಎಲ್ಲವನ್ನೂ ಹತ್ತಿರದಿಂದ ತೋರಿಸಿ. ಲಸಿಕೆ ಪೂರ್ತಿ ಆಗುವವರೆಗೆ ಕೆಳಗೆ ಬಿಡದೆ ತೊಡೆಯ ಮೇಲೆ ಕೂರಿಸಿಕೊಂಡೇ ತೋರಿಸಬೇಕು.

ಎರಡನೆಯದು ಇಂಡಿಯನ್‌ ಸ್ಪಿಟ್ಜ್‌. ನಮ್ಮಲ್ಲಿ ಪೊಮೇರಿಯನ್‌ ಎಂದು ಮಾರುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇವೇ. ಗಾತ್ರ ಚಿಕ್ಕದು, ಮೂಗು ಚೂಪು, ಚುರುಕು ಬುದ್ಧಿ, ಎರಡು ಕೋಣೆಯ ಮನೆಗೆ ಹೊಂದುತ್ತದೆ. ಕೂದಲು ದಟ್ಟ ಇದ್ದರೂ ಹಗಲು ನೆರಳು, ಫ್ಯಾನು, ತಂಪು ನೆಲ ಇದ್ದರೆ ಇಲ್ಲಿನ ಬೇಸಿಗೆ ಕಳೆಯುತ್ತದೆ. ಸೆಕೆ ಎಂದು ಪೂರ್ತಿ ಬೋಳಿಸಬೇಡಿ. ಆ ಕೂದಲೇ ಬಿಸಿಲಿಗೆ ಅಡ್ಡ, ಬೋಳಿಸಿದರೆ ಚರ್ಮ ಸುಡುತ್ತದೆ. ದಿನ ಬಿಟ್ಟು ದಿನ ಬಾಚಿ. ಬೊಗಳುವುದು ಜಾಸ್ತಿ. ಒಂದೇ ಗೋಡೆಗೆ ಎರಡು ಮನೆ ಇರುವ ಓಣಿಯಲ್ಲಿ ನೆರೆಯವರಿಗೆ ಮೊದಲೇ ಒಂದು ಮಾತು ಹೇಳಿ.

ಮುಧೋಳ ನಾಯಿಯ ಬಗ್ಗೆ ತುಸು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ನೆಲದ ತಳಿ ಎಂಬ ಅಭಿಮಾನಕ್ಕೆ ತಂದು ಆಮೇಲೆ ಕಷ್ಟಪಡುವ ಮನೆಗಳಿವೆ. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಬೇಟೆನಾಯಿ ಇದು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಕಣ್ಣಿಗೆ ಕಂಡದ್ದನ್ನು ಓಡಿ ಹಿಡಿಯುವುದು ಇದರ ಹುಟ್ಟುಗುಣ. ಮನೆಯವರೊಂದಿಗೆ ಸೌಮ್ಯ, ಮನೆಯೊಳಗೆ ಸದ್ದಿಲ್ಲದೆ ಮಲಗಿರುತ್ತದೆ, ಬಿಸಿಲಿಗೆ ಹೆದರುವುದಿಲ್ಲ. ಆದರೆ ಬೆಕ್ಕು, ಕೋಳಿ, ಪಕ್ಕದ ಮನೆಯ ಆಡಿನ ಮರಿ ಓಡಿದರೆ ಕೂಗಿದರೂ ನಿಲ್ಲುವುದಿಲ್ಲ. ದಿನಕ್ಕೊಂದು ಸಲ ಹಗ್ಗ ಬಿಚ್ಚಿ ಓಡಿಸಲು ಬೇಲಿ ಇರುವ ಹೊಲ ಅಥವಾ ಆರು ಅಡಿ ಗೋಡೆಯ ಜಾಗ ಬೇಕು. ಅದು ಇದ್ದರೆ ಸಣ್ಣ ಮನೆಯೂ ನಡೆಯುತ್ತದೆ. ಇಲ್ಲದಿದ್ದರೆ ದೊಡ್ಡ ಮನೆಯೂ ಸಾಲದು. ಹಠಾತ್ತಾಗಿ ಮೈಮೇಲೆ ಬೀಳುವ, ಬಾಲ ಎಳೆಯುವ ಪುಟ್ಟ ಮಕ್ಕಳನ್ನು ಇದು ಸಹಿಸುವುದು ಕಡಿಮೆ, ಆದ್ದರಿಂದ ಎಂಟು ವರ್ಷ ದಾಟಿದ ಮಕ್ಕಳಿರುವ ಮನೆ ಮೇಲು.

ಮುಧೋಳ ನಾಯಿಯ ಪಕ್ಕೆಲುಬು ಸ್ವಲ್ಪ ಕಾಣುವುದು ಸಹಜ. ಬಡಕಲಾಯಿತೆಂದು ತುರುಕಿ ತಿನ್ನಿಸಿದರೆ ಕೀಲು ಹಾಳಾಗುತ್ತವೆ. ಚರ್ಮ ತೆಳು, ಜಾಲಿ ಮುಳ್ಳು ತಗುಲಿದರೆ ಹರಿದೇ ಹೋಗುತ್ತದೆ. ಬೆಳಗಾವಿಯ ಮಳೆ, ಚಳಿಗೆ ಮಲಗಲು ದಪ್ಪ ಕೌದಿ ಬೇಕು. ಶಸ್ತ್ರಚಿಕಿತ್ಸೆ ಮಾಡಿಸುವಾಗ ಇದು ಮುಧೋಳ ತಳಿ ಎಂದು ವೈದ್ಯರಿಗೆ ಎತ್ತಿ ಹೇಳಿ: ಇಂಥ ತೆಳು ಮೈಯ ಬೇಟೆನಾಯಿಗಳಲ್ಲಿ ಕೆಲವು ಅರಿವಳಿಕೆ ಔಷಧಗಳು ಬೇಗ ಇಳಿಯುವುದಿಲ್ಲ. ತಳಿ ಶುದ್ಧವಿದೆಯೇ ಎಂಬ ಅನುಮಾನವಿದ್ದರೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಅಲ್ಲಿ ವಿಚಾರಿಸಿ.

ಲ್ಯಾಬ್ರಡಾರ್‌ನ ಸ್ವಭಾವಕ್ಕೆ ಹೆಸರಿಡುವಂತಿಲ್ಲ. ತೊಂದರೆ ಗಾತ್ರದ್ದು. ಹತ್ತು ತಿಂಗಳಿಗೆ 25 ಕಿಲೋ ಆಗಿರುತ್ತದೆ, ಬುದ್ಧಿ ಇನ್ನೂ ಮರಿಯದೇ. ಖುಷಿಗೆ ಜಿಗಿದರೆ ನಾಲ್ಕು ವರ್ಷದ ಮಗು ಉರುಳುತ್ತದೆ. ತಿಂದಷ್ಟೂ ಸಾಲದು ಎನ್ನುವ ತಳಿ, ಅಡ್ಡಾಡಿಸದಿದ್ದರೆ ಕೊಬ್ಬಿ ಸೊಂಟದ ಕೀಲು ಕೆಡುತ್ತದೆ. ತಾಯಿ-ತಂದೆ ಎರಡರ ಸೊಂಟದ ಎಕ್ಸ್‌-ರೇ ಕೇಳಿ. ಬೀಗಲ್‌ 10 ಕಿಲೋ ಆಸುಪಾಸು, ಮಕ್ಕಳ ಜೊತೆ ಚೆನ್ನಾಗಿ ಆಡುತ್ತದೆ, ಆದರೆ ಒಂಟಿ ಬಿಟ್ಟರೆ ಊಳಿಡುತ್ತದೆ. ಗಂಡ ಹೆಂಡತಿ ಇಬ್ಬರೂ ಹಗಲು ಕೆಲಸಕ್ಕೆ ಹೋಗುವ ಬಾಡಿಗೆ ಮನೆಗೆ ಬೇಡ. ಡ್ಯಾಶ್‌ಹಂಡ್‌ಗೆ ಬೆನ್ನೇ ಬಲಹೀನ. ಮಂಚದಿಂದ ಜಿಗಿದು, ಮೆಟ್ಟಿಲು ಹತ್ತಿ ಇಳಿದು ಬೆನ್ನೆಲುಬಿನ ನಡುವಿನ ತಟ್ಟೆ ಜಾರಿ ಹಿಂಗಾಲು ಬೀಳುವುದುಂಟು. ಒಂದು ಕೈ ಎದೆಗೆ, ಇನ್ನೊಂದು ಕೈ ಹಿಂಭಾಗಕ್ಕೆ ಕೊಟ್ಟು ಎತ್ತಲು ಮಕ್ಕಳಿಗೆ ಕಲಿಸಬೇಕು.

ಪಗ್‌ ಮಕ್ಕಳಿಗೆ ಬಹಳ ಇಷ್ಟ, ಸ್ವಭಾವವೂ ಮೃದು. ಆದರೂ ವಿಜಯಪುರ, ಬಾಗಲಕೋಟೆಗೆ ತರಬೇಡಿ. ಮೂಗು ಚಪ್ಪಟೆ, ಉಸಿರುದಾರಿ ಕಿರಿದು; ಬೇಸಿಗೆಯಲ್ಲಿ ಕರೆಂಟ್‌ ಹೋದ ಒಂದು ಮಧ್ಯಾಹ್ನ ಅದರ ಜೀವಕ್ಕೆ ಕುತ್ತಾಗಬಹುದು. ಬೆಳಗಾವಿಯಲ್ಲಿ ಸಾಕಲೇಬೇಕೆಂದಿದ್ದರೆ ಮೂಗಿನ ಹೊಳ್ಳೆ ದುಂಡಗೆ ತೆರೆದಿರುವ, ಸುಮ್ಮನೆ ಕೂತಾಗ ಗೊರಗೊರ ಸದ್ದು ಮಾಡದ ಮರಿಯನ್ನೇ ನೋಡಿ. ಶಿಟ್ಜೂಗೂ ಇದೇ ಮಾತು, ಜೊತೆಗೆ ದಿನಾ ಬಾಚುವ ಕೆಲಸ. ಹಸ್ಕಿ, ಸೇಂಟ್‌ ಬರ್ನಾರ್ಡ್‌ ಹಿಮದ ನಾಡಿನವು. ರಾಟ್‌ವೀಲರ್‌, ಡಾಬರ್‌ಮನ್‌ ಮೊದಲ ಸಲ ನಾಯಿ ಸಾಕುವವರಿಗಲ್ಲ.

ಮರಿ ನೋಡಲು ಹೋದಾಗ

ಎಂಟು ವಾರ ತುಂಬದ ಮರಿಯನ್ನು ಮಾರುವುದು 2017ರ ಕೇಂದ್ರ ನಿಯಮದ ಪ್ರಕಾರ ತಪ್ಪು. ಕಾರಣವಿದೆ: ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ತಾಯಿ ಮತ್ತು ಒಡಹುಟ್ಟಿದವುಗಳಿಂದ ಆ ವಾರಗಳಲ್ಲೇ ಕಲಿಯುತ್ತದೆ. ಒಂದು ತಿಂಗಳಿಗೇ ಬಿಡಿಸಿ ತಂದದ್ದು ಮಕ್ಕಳ ಕೈಯನ್ನು ಜೋರಾಗಿ ಕಚ್ಚುತ್ತದೆ.

ತಾಯಿ ನಾಯಿಯನ್ನು ತೋರಿಸದವರಿಂದ ಮರಿ ಕೊಳ್ಳಬೇಡಿ. ತಾಯಿ ಹೆದರಿ ಮೂಲೆ ಸೇರಿದರೆ ಅಥವಾ ಹಲ್ಲು ಕಿರಿದರೆ ಮರಿಗಳೂ ಹಾಗಾಗುವ ಸಂಭವ ಹೆಚ್ಚು. ಮರಿಯ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ. ತಿರುಗಿ ನೋಡಿ ಹತ್ತಿರ ಬರುವ ಮರಿ ಒಳ್ಳೆಯದು, ತಿರುಗದೇ ಇದ್ದದ್ದಕ್ಕೆ ಕಿವಿ ಕೇಳಿಸದಿರಬಹುದು. ಅಂಗಾತ ಮಲಗಿಸಿ ಎದೆಯ ಮೇಲೆ ಹಗುರಾಗಿ ಕೈಯಿಟ್ಟರೆ ತುಸು ಕೊಸರಾಡಿ ಸುಮ್ಮನಾಗುವ ಮರಿ ಮಕ್ಕಳ ಮನೆಗೆ ತಕ್ಕದ್ದು. ಒಸಡು ಗುಲಾಬಿ ಬಣ್ಣ ಇರಬೇಕು. ಬಿಳಿಚಿದ್ದರೆ ಹುಳು ಅಥವಾ ಉಣ್ಣಿಯ ಕಾಟ ಇರಬಹುದು. ಮೈ ಬಡಕಲಾಗಿ ಹೊಟ್ಟೆ ಮಾತ್ರ ಡೊಳ್ಳಾಗಿದ್ದರೆ ಜಂತು. ನಾಯಿಯ ಜಂತಿನ ಮೊಟ್ಟೆ ಮಣ್ಣಿನ ಮೂಲಕ ಮಕ್ಕಳ ಹೊಟ್ಟೆಗೂ ಹೋಗುತ್ತದೆ, ಹಾಗಾಗಿ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಜಂತಿನ ಔಷಧ ತಪ್ಪಿಸಬಾರದು.

ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಹದಿನಾರು ವಾರದವರೆಗೆ ಮೂರು-ನಾಲ್ಕು ವಾರಕ್ಕೊಂದು. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ, ಮುಂದೆ ವರ್ಷಕ್ಕೊಮ್ಮೆ. ಹಿಂದೆ ಮನೆಯಲ್ಲಿ ಒಂದು ಮರಿ ವಾಂತಿ, ರಕ್ತಭೇದಿಯಾಗಿ ಸತ್ತಿದ್ದರೆ ಅದು ಬಹುತೇಕ ಪಾರ್ವೋ. ಆ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲಿಗೆ ಸಾಯುವುದಿಲ್ಲ. ಬಟ್ಟೆಯ ಬ್ಲೀಚ್‌ ಒಂದು ಪಾಲಿಗೆ ನೀರು ಮೂವತ್ತು ಪಾಲು ಬೆರೆಸಿ, ತೊಳೆದ ನೆಲಕ್ಕೆ ಹಾಕಿ ಹತ್ತು ನಿಮಿಷ ಬಿಡಬೇಕು. ಮಣ್ಣಿನ ಅಂಗಳವನ್ನು ಹಾಗೆ ಶುದ್ಧ ಮಾಡಲಾಗದು; ಅಂಥ ಮನೆಗೆ ಲಸಿಕೆ ಪೂರ್ತಿಯಾದ ನಾಯಿಯನ್ನೇ ತನ್ನಿ.

ಅಡುಗೆಮನೆಯ ಅಪಾಯ

ಜೋಳದ ನುಚ್ಚು, ಅನ್ನ, ಮೊಸರು, ಬೇಯಿಸಿದ ತತ್ತಿ, ಮೂಳೆ ತೆಗೆದ ಕೋಳಿ ನಡೆಯುತ್ತದೆ. ಬರೀ ರೊಟ್ಟಿ-ಹಾಲಿನ ಮೇಲೆ ಬೆಳೆದ ಮರಿಯ ಎಲುಬು ಗಟ್ಟಿಯಾಗುವುದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಪಲ್ಯೆ, ಸಾರು ಕೊಡಬೇಡಿ; ಅವು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಅದರ ಮೂತ್ರಪಿಂಡ ಕೆಡಿಸುತ್ತವೆ. ವಿಜಯಪುರದ ಕಡೆ ಮನೆಮನೆಯಲ್ಲೂ ಒಣದ್ರಾಕ್ಷಿ ಇರುತ್ತದೆ, ಮಕ್ಕಳು ಪ್ರೀತಿಯಿಂದಲೇ ನಾಯಿಯ ಬಾಯಿಗೆ ಹಾಕಿಬಿಡುತ್ತಾರೆ. ಒಣದ್ರಾಕ್ಷಿ ಹಾಕಿದ ಕರದಂಟೂ ಹಾಗೆಯೇ. ತಿಂದದ್ದು ಗೊತ್ತಾದ ಕೂಡಲೇ, ವಾಂತಿಗೆ ಕಾಯದೆ, ದನದ ದವಾಖಾನೆಗೆ ಒಯ್ಯಿರಿ.

ಮಕ್ಕಳಿಗೆ ಕಲಿಸಬೇಕಾದ್ದು

ಯಾವ ತಳಿಯೇ ಇರಲಿ, ಉಣ್ಣುವಾಗ, ಮಲಗಿದಾಗ ಮುಟ್ಟಬಾರದು. ಕೊರಳು ಬಳಸಿ ಅಪ್ಪಿಕೊಳ್ಳುವುದು ನಾಯಿಗೆ ಇಷ್ಟವಿಲ್ಲ. ಅದು ಮುಖ ತಿರುಗಿಸಿದರೆ, ನಿದ್ದೆಯಿಲ್ಲದೆ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಕಣ್ಣಿನ ಬಿಳಿ ಭಾಗ ಕಂಡರೆ ‘ಸಾಕು’ ಎಂದು ಹೇಳುತ್ತಿದೆ ಎಂದರ್ಥ. ಗುರುಗುಟ್ಟಿದ್ದಕ್ಕೆ ನಾಯಿಯನ್ನು ಹೊಡೆಯಬೇಡಿ. ಹೊಡೆತ ತಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಮುಂದಿನ ಸಲ ಸೂಚನೆಯಿಲ್ಲದೆ ಕಚ್ಚುತ್ತದೆ. ಆರು ವರ್ಷದೊಳಗಿನ ಮಗು ಮತ್ತು ನಾಯಿ ಇಬ್ಬರನ್ನೇ ಒಂದು ಕೋಣೆಯಲ್ಲಿ, ಬಾಗಿಲು ತೆರೆಯುವಷ್ಟು ಹೊತ್ತು ಕೂಡ, ಬಿಡಬಾರದು.

ಹಲ್ಲು ತಾಗಿ ಚರ್ಮ ಗೀರಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ, ಗಡಿಯಾರ ನೋಡಿಕೊಂಡು, ತೊಳೆಯಿರಿ. ಸುಣ್ಣ, ಅರಿಷಿಣ, ಖಾರಪುಡಿ ಹಚ್ಚಬೇಡಿ. ಅಂದೇ ಆಸ್ಪತ್ರೆಗೆ ಹೋಗಿ, ನಾಯಿಯ ಲಸಿಕೆ ಚೀಟಿಯನ್ನು ಜೊತೆಗೆ ಒಯ್ಯಿರಿ. ಕಚ್ಚಿದ ನಾಯಿಯನ್ನು ಓಡಿಸದೆ ಹತ್ತು ದಿನ ಕಣ್ಣೆದುರೇ ಇಟ್ಟುಕೊಳ್ಳಿ. ಅದು ಚೆನ್ನಾಗಿದೆ ಎಂದು ಮಗುವಿನ ಚುಚ್ಚುಮದ್ದನ್ನು ನೀವಾಗಿಯೇ ನಿಲ್ಲಿಸಬೇಡಿ. ಎಷ್ಟು ಬೇಕು, ಎಲ್ಲಿ ನಿಲ್ಲಿಸಬಹುದು ಎಂಬುದನ್ನು ವೈದ್ಯರೇ ಹೇಳಲಿ.