ತಾರಿಮ್ ಕೊಳ್ಳದ ನದಿಗಳಲ್ಲಿ ಮೂಲಹರಿವನ್ನು ಬೇರ್ಪಡಿಸುವುದು ಹೇಗೆ?

ಚೀನಾದ ತಾರಿಮ್ ಕೊಳ್ಳ ಮರಳುಗಾಡು. ಅಲ್ಲಿನ ಯಾರ್ಕಂದ್, ಅಕ್ಸು ನದಿಗಳು ಬೇಸಿಗೆಯಲ್ಲಿ ಹಿಮನದಿಯ ನೀರಿನಿಂದ ತುಂಬಿದರೆ, ಚಳಿಗಾಲದಲ್ಲಿ ಹೆಚ್ಚುಕಡಿಮೆ ಅಂತರ್ಜಲವನ್ನೇ ನೆಚ್ಚಿಕೊಂಡಿವೆ. ಆ ಅಂತರ್ಜಲದ ಪಾಲೇ ಮೂಲಹರಿವು. ಹವಾಮಾನದ ಪರಿಣಾಮ ನೋಡಲು ಕನಿಷ್ಠ 30 ವರ್ಷಗಳ ದಿನವಹಿ ಹರಿವಿನ ದಾಖಲೆ ಬೇಕು.

ಬೇಗ ಏರಿಳಿಯುವ ವೇಗದ ಹರಿವನ್ನು ನಿಧಾನವಾಗಿ ಬದಲಾಗುವ ಮೂಲಹರಿವಿನಿಂದ ಬೇರ್ಪಡಿಸುವ ಲೆಕ್ಕಸೂತ್ರವೇ ಲೈನ್–ಹಾಲಿಕ್ ಫಿಲ್ಟರ್. ಅದನ್ನು ಈ ದಾಖಲೆಯ ಮೇಲೆ ದಿನಗಳ ಕ್ರಮದಲ್ಲಿ ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಓಡಿಸಿ. ಇವತ್ತಿನ ವೇಗದ ಹರಿವು = 0.925 × ನಿನ್ನೆಯ ವೇಗದ ಹರಿವು + 0.9625 × (ಇವತ್ತಿನ ಒಟ್ಟು − ನಿನ್ನೆಯ ಒಟ್ಟು). ಉತ್ತರ ಋಣವಾದರೆ ಸೊನ್ನೆ ಎಂದು ಹಿಡಿಯಿರಿ. ಒಟ್ಟು ಹರಿವಿನಲ್ಲಿ ಇದನ್ನು ಕಳೆದರೆ ಮೂಲಹರಿವು.

ಎಡವುವುದು ಇಲ್ಲೇ. ಹಿಮನದಿ ವಾರಗಟ್ಟಲೆ ನಿಧಾನವಾಗಿ ಕರಗುವುದರಿಂದ, ಜುಲೈ–ಆಗಸ್ಟ್‌ನ ಕರಗುನೀರನ್ನೂ ಫಿಲ್ಟರ್ ಮೂಲಹರಿವಿನ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಹಾಗಾಗಿ ನೀರಿನ ವಿದ್ಯುತ್ ವಾಹಕತೆ (ಕರಗಿದ ಲವಣ ಹೆಚ್ಚಿದಷ್ಟೂ ಇದು ಹೆಚ್ಚು) ಅಳೆದು ತಾಳೆ ನೋಡಲೇಬೇಕು. ಉದಾಹರಣೆಗೆ ಕರಗುನೀರಿನದು 50, ಅಂತರ್ಜಲದ್ದು 350, ನದಿಯದು 200 ಮೈಕ್ರೊಸೀಮನ್ಸ್ ಪ್ರತಿ ಸೆಂ.ಮೀ. ಇದ್ದರೆ: (200 − 50) ÷ (350 − 50), ಅಂದರೆ ಅರ್ಧ ಪಾಲು ಅಂತರ್ಜಲ.

ಡಿಸೆಂಬರ್–ಫೆಬ್ರವರಿಯ ಹರಿವಿಗೆ ಮಾನ್–ಕೆಂಡಾಲ್ ಪರೀಕ್ಷೆ (ವರ್ಷಗಳ ಉದ್ದಕ್ಕೂ ಏರಿಕೆ ಅಥವಾ ಇಳಿಕೆ ಇದೆಯೇ ಎಂದು ನೋಡುವ ಸಂಖ್ಯಾಶಾಸ್ತ್ರದ ಪರೀಕ್ಷೆ) ಪ್ರತ್ಯೇಕವಾಗಿ ಮಾಡಿ. ಏರಿಕೆ ಕಂಡರೆ ಹೆಪ್ಪುಗಟ್ಟಿದ್ದ ನೆಲ ಕರಗಿ ಹೆಚ್ಚು ನೀರು ಇಂಗುತ್ತಿರಬಹುದು. ಮೇಲಿನ ಜಲಾಶಯದಿಂದ ಬಿಟ್ಟ ನೀರೂ ಇರಬಹುದು. ಮಾಪನ ಕೇಂದ್ರದ ಬಳಿ ಮಂಜುಗಡ್ಡೆ ಕಟ್ಟಿದರೆ ನೀರಿನ ಮಟ್ಟ ಮಾತ್ರ ಏರುತ್ತದೆ, ಹರಿವಲ್ಲ. ಅಂಥ ದಿನಗಳನ್ನು ಮೊದಲೇ ಕೈಬಿಡಿ.