ಗಂಡಸರ ಜೋತ ಕೊರಳಿಗೆ ಮುಂದಿನಿಂದಲೇ ಹೊಲಿಗೆ: ಹುಬ್ಬಳ್ಳಿಯಲ್ಲಿ ನನ್ನ ಅನುಭವ

ಅರವತ್ತು ದಾಟಿದ ಗಂಡಸಿನ ಜೋತುಬಿದ್ದ ಕೊರಳಿನಿಂದ ಹೆಚ್ಚುವರಿ ಚರ್ಮವನ್ನು ಮುಂದಿನಿಂದಲೇ ತೆಗೆದು, ಗದ್ದದ ಕೆಳಗಿನ ತಿರುವಿನಲ್ಲಿ ಒಂದು ಝಡ್ (Z ಆಕಾರದ ಸೀಳು, ಅದರ ಎರಡು ತ್ರಿಕೋನ ಚರ್ಮದ ತುಂಡುಗಳನ್ನು ಅದಲುಬದಲು ಮಾಡಿ ಹೊಲಿಯುವುದು) ಹಾಕಿ, ಬರೀ ಲೋಕಲ್ ಅರಿವಳಿಕೆಯಲ್ಲಿ ಕೆಲಸ ಮುಗಿಸಿ, ಸಂಜೆಯೊಳಗೆ ಮನೆಗೆ ಕಳಿಸಬಹುದು. ವಿದ್ಯಾನಗರದ ನನ್ನ ಪುಟ್ಟ ಥಿಯೇಟರಿನಲ್ಲಿ ಐದಾರು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಒಟ್ಟು ಐವತ್ತರ ಆಸುಪಾಸಿನಲ್ಲಿ ಆಗಿರಬೇಕು. ಮೊದಲ ಏಳೆಂಟು ಜನರ ಫೋಟೋಗಳನ್ನು ಯಾರಿಗೂ ತೋರಿಸುವುದಿಲ್ಲ. ಆಮೇಲಿನವರ ಫೋಟೋಗಳನ್ನು ಕೇಳದಿದ್ದರೂ ತೋರಿಸುತ್ತೇನೆ.

ಈ ವಿಧಾನ ನನ್ನದಲ್ಲ. 1971ರಲ್ಲೇ ಕ್ರೋನಿನ್ ಮತ್ತು ಬಿಗ್ಸ್ ಗಂಡಸರ ಕೊರಳಿಗೆಂದೇ ಟಿ-ಝಡ್ ಪ್ಲಾಸ್ಟಿ ಎಂಬ ಈ ಶಸ್ತ್ರಕ್ರಿಯೆಯನ್ನು ಬರೆದಿಟ್ಟಿದ್ದಾರೆ. ಸಿಲಿಕೋನ್ ಸ್ತನ ಇಂಪ್ಲಾಂಟ್‌ನಿಂದ ಹೆಸರಾದ ಹ್ಯೂಸ್ಟನ್ನಿನ ಕ್ರೋನಿನ್ ಅವರೇ ಇವರು. ಆದರೂ ನಮ್ಮಲ್ಲಿ ಯಾರೂ ಇದನ್ನು ಕೈಗೆತ್ತಿಕೊಳ್ಳುತ್ತಿರಲಿಲ್ಲ. ನಾನು ಒಂದು ಸಭೆಯಲ್ಲಿ ಬಾಯಿಬಿಟ್ಟಾಗ ಹಿರಿಯರೊಬ್ಬರು, "ಕೊರಳ ನಡುವೆ ಗೀರು ಹಾಕಿ ಕಳಿಸಿದರೆ ಊರವರು ಚಾಕು ಇರಿತ ಎಂದುಕೊಳ್ಳುತ್ತಾರೆ, ಡಾಕ್ಟರೇ" ಎಂದರು. ಇನ್ನೊಬ್ಬರು ನಮ್ಮ ಕಂದು ಚರ್ಮಕ್ಕೆ ಕೀಲಾಯ್ಡ್ (ಗಾಯದ ಗಡಿ ಮೀರಿ ಬೆಳೆಯುವ ಗಂಟುಕಲೆ) ಖಚಿತ ಎಂದರು. ಮೂರನೆಯವರದು ವ್ಯಾಪಾರದ ಮಾತು: ಕೊರಳಿಗೆ ದುಡ್ಡು ಸುರಿಯುವವನು ಬೆಂಗಳೂರಿಗೆ ಹೋಗುತ್ತಾನೆ, ಹುಬ್ಬಳ್ಳಿಗೆ ಏಕೆ ಬರುತ್ತಾನೆ?

ಬರುತ್ತಾನೆ. ಗದಗಿನ ಹತ್ತಿ ವ್ಯಾಪಾರಿ, ಧಾರವಾಡದ ನಿವೃತ್ತ ಪ್ರಾಧ್ಯಾಪಕ, ಸಕ್ಕರೆ ಕಾಯಿಲೆಗೆ ಹೆದರಿ ಇಪ್ಪತ್ತು ಕಿಲೋ ಇಳಿಸಿಕೊಂಡ ಗುತ್ತಿಗೆದಾರ, ಹೀಗೆ. "ಎತ್ತಿನ ಗಂಗೆದೊಗಲಿನ ಹಾಗೆ ಜೋತಿದೆ, ಮಗಳ ಮದುವೆಯ ಫೋಟೋದಲ್ಲಿ ಇದು ಕಾಣಬಾರದು" ಎಂದು ರಾಣೆಬೆನ್ನೂರಿನ ಯಜಮಾನರೊಬ್ಬರು ಮುಹೂರ್ತದ ತಾರೀಖನ್ನೂ ಹಿಡಿದುಕೊಂಡೇ ಬಂದಿದ್ದರು. ಇವರ‍್ಯಾರಿಗೂ ಮುಖ ಎಳೆಸಿಕೊಳ್ಳುವ ಆಸೆಯಿಲ್ಲ. ಮೈಮರೆಸುವ ಅರಿವಳಿಕೆ ಎಂದರೆ ಭಯ. ರೂಢಿಯ ನೆಕ್ ಲಿಫ್ಟ್‌ನಂತೆ ಕಿವಿಯ ಸುತ್ತ ಹೊಲಿಗೆ ಹಾಕಿದರೆ ಬೋಳುತಲೆಯವರಿಗೆ ಅದನ್ನು ಮುಚ್ಚಲು ಕೂದಲಿಲ್ಲ. ಗಡ್ಡದ ಚರ್ಮ ಕಿವಿಯ ಹಿಂದಕ್ಕೆ ಸರಿದರೆ ದಿನಾ ಬೆಳಗ್ಗೆ ಅಲ್ಲಿಯೂ ಕ್ಷೌರ ಮಾಡಿಕೊಳ್ಳಬೇಕು. ಇದನ್ನು ವಿವರಿಸಿದರೆ ಅರ್ಧ ಜನ ಅಲ್ಲಿಯೇ ಎದ್ದು ಹೋಗುತ್ತಾರೆ.

ಇದಕ್ಕೆ ಮೊದಲು ನಾನು ಸುರಿದ ಹಣದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಚರ್ಮದಡಿ ತೂರಿಸಿ ಎತ್ತಿಹಿಡಿಯುವ ಮುಳ್ಳಿನ ದಾರಗಳ ಭರಾಟೆ ಇದ್ದ ಕಾಲದಲ್ಲಿ ಎರಡು ಎರಡೂವರೆ ಲಕ್ಷದ ಪಿಡಿಒ ದಾರ ತರಿಸಿದ್ದೆ. ಸುಮಾರು ಆರು ತಿಂಗಳಲ್ಲಿ ಕರಗುವ ದಾರ, ಅಷ್ಟೊಂದು ಭಾರದ ಚರ್ಮವನ್ನು ಆರು ವಾರವೂ ಹಿಡಿದಿಡಲಿಲ್ಲ. ಕೊನೆಗೆ ಪೆಟ್ಟಿಗೆಗಟ್ಟಲೆ ದಾರ ಅವಧಿ ಮೀರಿ ಕಸಕ್ಕೆ ಹೋಯಿತು. ಪ್ಲಾಟಿಸ್ಮಾ ಎಂಬ ಕೊರಳ ಚರ್ಮದಡಿಯ ತೆಳು ಸ್ನಾಯುವಿನ ಪಟ್ಟಿಗಳಿಗೆ ಅವನ್ನು ಸಡಿಲಿಸುವ ಬೊಟುಲಿನಮ್ ಚುಚ್ಚಿದರೆ ಮೂರು ನಾಲ್ಕು ತಿಂಗಳು ಚೆಂದ ಕಾಣುತ್ತದೆ, ನಿಜ. ಆದರೆ ಅದು ಚರ್ಮ ಇನ್ನೂ ಬಿಗಿಯಾಗಿರುವ ನಲವತ್ತರವರಿಗೆ. ಚರ್ಮ ಬಿಗಿಗೊಳಿಸುವ ಅಲ್ಟ್ರಾಸೌಂಡ್ ಯಂತ್ರವನ್ನು ಬಾಡಿಗೆಗೆ ತಂದು ನೋಡಿದೆ. ಬಾಡಿಗೆ ಕಟ್ಟಿದ್ದಷ್ಟೇ ಉಳಿದದ್ದು. ಬರೀ ಲೈಪೊಸಕ್ಷನ್ ಮಾಡಿದ್ದು ಎಲ್ಲಕ್ಕಿಂತ ಕೆಟ್ಟದಾಯಿತು: ಕೊಬ್ಬು ಹೋದ ಮೇಲೆ ಖಾಲಿ ಚರ್ಮ ಮತ್ತಷ್ಟು ಜೋತುಬಿತ್ತು, ಒಳಗಿನ ಪ್ಲಾಟಿಸ್ಮಾದ ಎರಡು ಅಂಚುಗಳು ಹಗ್ಗದಂತೆ ಎದ್ದು ಕಂಡವು.

ಇನ್ನು ಮೂಲ ಕೆಲಸ. ಉದ್ದುದ್ದದ ಗೆರೆ ಬಿಗಿದು ಎಳೆಯದಿರಲೆಂದೇ ಝಡ್ ಬೇಕು ಎಂಬುದನ್ನು ಈ ಕೆಲಸದವರಿಗೆ ಹೇಳಬೇಕಾಗಿಲ್ಲ. ಆದರೆ ಎಷ್ಟು ದೊಡ್ಡದು, ಎಲ್ಲಿ ಎಂಬುದರಲ್ಲೇ ಎಲ್ಲ ಇದೆ. ಆರಂಭದಲ್ಲಿ ಕಲೆ ಚಿಕ್ಕದಾಗಿರಲಿ ಎಂಬ ಆಸೆಯಿಂದ ಒಂದು ಸೆಂಟಿಮೀಟರಿನ ಝಡ್ ಹಾಕುತ್ತಿದ್ದೆ. ಮೂರನೆಯ ತಿಂಗಳಿಗೆ ನಡುವಿನ ಗೆರೆ ಬಿಗಿದು, ತಲೆ ಎತ್ತಿದರೆ ಗದ್ದದಿಂದ ಕೊರಳಿಗೆ ತಂತಿ ಕಟ್ಟಿದಂತಾಗುತ್ತಿತ್ತು. ಕೆಳತುದಿಯಲ್ಲಿ ಚರ್ಮ ಮುದ್ದೆಗಟ್ಟಿ ನಿಲ್ಲುತ್ತಿತ್ತು. ಅಲ್ಲಿಗೆ ಕಲೆ ತಗ್ಗಿಸುವ ಸ್ಟೀರಾಯ್ಡ್ ಟ್ರಯಾಮ್ಸಿನೊಲೋನ್ ಚುಚ್ಚುತ್ತಾ ತಿಂಗಳುಗಟ್ಟಲೆ ಕಳೆದೆ, ಅದೂ ಪುಕ್ಕಟೆಯಾಗಿ. ಈಗ ಅರವತ್ತು ಡಿಗ್ರಿಯ ಕೋನಕ್ಕೆ ಕಡಿಮೆ ಇಲ್ಲ. ಲೆಕ್ಕದಲ್ಲಿ ಶೇಕಡಾ 75ರಷ್ಟು ಹೆಚ್ಚುವರಿ ಉದ್ದ ಸಿಗಬೇಕು, ಕೊರಳಿನಲ್ಲಿ ಅಷ್ಟು ಸಿಗುವುದಿಲ್ಲ, ಅರ್ಧ ಸಿಕ್ಕರೂ ಸಾಕು. ಝಡ್‌ನ ಭುಜಗಳು ಎರಡು ಸೆಂಟಿಮೀಟರಿಗಿಂತ ಹೆಚ್ಚು. ತಿರುಗಿದ ನಡುಗೆರೆ ಗದ್ದದಡಿಯ ಹಾಯಾಯ್ಡ್ ಮೂಳೆಯ ಮಟ್ಟದ ಮಡಿಕೆಯಲ್ಲಿ ಅಡ್ಡಡ್ಡ ಕೂರಬೇಕು.

ಗುರುತು ಹಾಕುವುದು ಕುಳ್ಳಿರಿಸಿಯೇ. ಮಲಗಿಸಿದ ಮೇಲೆ ಹಾಕಿದ ಗೆರೆಗಳನ್ನು ನಂಬಬೇಡಿ. ಚಿಮಟಿ ಹಿಡಿದು ಎಷ್ಟು ಚರ್ಮ ಬರುತ್ತದೋ ಅದರಲ್ಲಿ ಸ್ವಲ್ಪವನ್ನು ಬಿಟ್ಟೇ ತೆಗೆಯುತ್ತೇನೆ. ಆ ಸ್ವಲ್ಪ ಎಷ್ಟು, ತಲೆಯನ್ನು ಯಾವ ಭಂಗಿಯಲ್ಲಿ ಇಟ್ಟು ಅಳೆಯುವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಥಿಯೇಟರಿಗೆ ಬಂದು ನಿಂತು ನೋಡಿದವರಿಗೆ ಮುಚ್ಚಿಡುವುದೂ ಇಲ್ಲ. ಪ್ಲಾಟಿಸ್ಮಾದ ಅಂಚುಗಳನ್ನು ಗದ್ದದಿಂದ ಥೈರಾಯ್ಡ್ ಮೃದ್ವಸ್ಥಿಯ (ಗಂಟಲುಮಣಿಯ) ಮಟ್ಟದವರೆಗೆ ಪಿಡಿಎಸ್ ಎಂಬ ಕರಗುವ ದಾರದಲ್ಲಿ ಸೇರಿಸುತ್ತೇನೆ. ಸರ್ಜನ್ ಫೆಲ್ಡ್‌ಮನ್‌ರ ಕಾರ್ಸೆಟ್‌ನಷ್ಟು (ಹಲವು ಸಾಲು ಹೊಲಿದು ಬಿಗಿಯುವ ವಿಧಾನ) ವಿಸ್ತಾರವಾಗಿ ಅಲ್ಲ, ಒಂದೇ ಸಾಲು. ಚರ್ಮಕ್ಕೆ ಅತಿ ತೆಳುವಾದ 6-0 ನೈಲಾನ್ ದಾರ, ಐದಾರು ದಿನಕ್ಕೆ ತೆಗೆಯುವುದು.

ಒಂದು ವಿಷಯ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಝಡ್‌ನ ಎರಡು ತುಂಡುಗಳು ತಿರುಗಿದಾಗ ಅಲ್ಲಿನ ಗಡ್ಡದ ಕೂದಲೂ ದಿಕ್ಕು ಬದಲಿಸುತ್ತದೆ. ಮೇಲಿನಿಂದ ಕೆಳಕ್ಕೆ ರೇಜರ್ ಎಳೆದು ರೂಢಿಯಾದವರಿಗೆ ಅಲ್ಲಿ ಮಾತ್ರ ಅಡ್ಡ ಕೂದಲು ಉಳಿಯುತ್ತದೆ. ಈಗ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕ್ಷೌರಿಕ ಹೇಳುತ್ತಾನೆ.

ಅರಿವಳಿಕೆಗೆ ಲಿಗ್ನೋಕೇನನ್ನು ಸಲೈನಿನಲ್ಲಿ ಕಾಲು ಪರ್ಸೆಂಟಿಗೆ ಇಳಿಸಿ, ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಸೇರಿಸಿ, ಅರವತ್ತು ಎಪ್ಪತ್ತು ಮಿಲಿಲೀಟರ್ ಹಾಕುತ್ತೇನೆ. ಚುಚ್ಚಿ ಏಳು ನಿಮಿಷಕ್ಕೆ ಬ್ಲೇಡ್ ಹಿಡಿಯುವುದು ಹಳೆಯ ಪಾಠ. ನಾನು ಇಪ್ಪತ್ತೈದು ನಿಮಿಷ ಬಿಡುತ್ತೇನೆ. ರಕ್ತ ಒರೆಸುವ ಗಾಜ್ ಅರ್ಧಕ್ಕಿಂತ ಕಡಿಮೆ ಖರ್ಚಾಗುತ್ತದೆ. ಆ ಹೊತ್ತಿನಲ್ಲಿ ಚಹಾ ಕುಡಿದು ಬರುತ್ತೇನೆ, ಸಿಬ್ಬಂದಿ ಗೊಣಗುತ್ತಾರೆ.

ರಕ್ತನಾಳ ಸುಟ್ಟು ರಕ್ತ ನಿಲ್ಲಿಸುವ ವಿದ್ಯುತ್ ಉಪಕರಣಗಳಲ್ಲಿ ಮೊನೊಪೋಲಾರ್ ಕಾಟರಿಯನ್ನು ಪೂರ್ತಿ ಬಿಟ್ಟು ಬೈಪೋಲಾರ್‌ಗೆ ಬಂದದ್ದಕ್ಕೆ ಕಾರಣ ನಮ್ಮ ಭಾಗದ್ದೇ. ಇಲ್ಲಿಗೆ ಬರುವ ಹಿರಿಯರಲ್ಲಿ ಅನೇಕರ ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ ಇರುತ್ತದೆ. ಅದನ್ನು ಮೈಯಿಂದ ಬೇರ್ಪಡಿಸಲು ಅವರು ಒಪ್ಪುವುದಿಲ್ಲ, ನಾನು ಕೇಳುವುದೂ ಇಲ್ಲ. ಲೋಹ ಮೈಮೇಲಿರುವಾಗ ವಿದ್ಯುತ್ತು ಇಡೀ ದೇಹ ಹಾದು ಹೋಗುವ ಕಾಟರಿ ಬೇಡ. ಬೈಪೋಲಾರ್‌ನಲ್ಲಿ ಅದು ಚಿಮಟಿಯ ಎರಡು ತುದಿಗಳ ನಡುವೆಯೇ ಮುಗಿಯುತ್ತದೆ. ಕರಡಿಗೆಯನ್ನು ಅವರ ಕೈಯಿಂದಲೇ ರಟ್ಟೆಗೆ ಕಟ್ಟಿಸಿ ಬಟ್ಟೆ ಸುತ್ತುತ್ತೇವೆ. ಆಮೇಲೆ ಎರಡು ವಾರ ಶಿವದಾರ ಉದ್ದವಾಗಿರಬೇಕು, ಹೊಲಿಗೆಗೆ ತಾಗಬಾರದು. ನಿಧಾನವಾಗಿದ್ದರೂ ಬೈಪೋಲಾರ್‌ನಿಂದ ಚರ್ಮದ ಅಂಚು ಸುಡುವುದು ತಪ್ಪಿತು. ಈಗ ಎಲ್ಲರಿಗೂ ಅದೇ.

ರೋಗಿ ಎಚ್ಚರವಾಗಿರುವುದು ತೊಂದರೆ ಎಂದು ನಮ್ಮವರು ಹೇಳುತ್ತಿದ್ದರು. ನನಗೆ ಅದೇ ಅನುಕೂಲ. ಧಾರವಾಡದ ಸಂಗೀತದ ಮೇಷ್ಟ್ರೊಬ್ಬರು ಬಂದಿದ್ದರು, ಅವರಿಗೆ ಕೊರಳ ಚರ್ಮಕ್ಕಿಂತ ಸ್ವರದ ಚಿಂತೆ. ಧ್ವನಿಯ ನರ ನಾವು ಕೆಲಸ ಮಾಡುವ ಪದರದಿಂದ ಬಹಳ ಆಳದಲ್ಲಿದೆ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಪ್ಲಾಟಿಸ್ಮಾದ ಪ್ರತಿ ಗಂಟಿನ ನಂತರ "ಗುರುಗಳೇ, ಷಡ್ಜ ಹಿಡಿಯಿರಿ" ಎನ್ನುತ್ತಾ ಹೋದೆ. ಹಸಿರು ಬಟ್ಟೆಯ ಕೆಳಗಿನಿಂದ ಸಣ್ಣಗೆ ಸ್ವರ ಬರುತ್ತಿತ್ತು, ತೆರೆದ ಗಾಯದಲ್ಲಿ ಪಟ್ಟಿ ಸ್ನಾಯುಗಳು ಅದಕ್ಕೆ ತಕ್ಕಂತೆ ಅಲುಗುವುದು ಕಾಣುತ್ತಿತ್ತು. ಮೇಲಿನ ಷಡ್ಜಕ್ಕೆ ಹೋದಾಗ ಧ್ವನಿಪೆಟ್ಟಿಗೆ ಮೇಲೆದ್ದು, ನಾಲ್ಕನೆಯ ಗಂಟು ಬಿಗಿಯಾಯಿತೆಂದು ಸ್ಪಷ್ಟವಾಯಿತು. ಅದನ್ನು ಬಿಚ್ಚಿ ಮತ್ತೆ ಹಾಕಿದೆ. ಅಂದಿನಿಂದ ಹಾಡಲು ಬಾರದವರಿಗೂ ಎಂಜಲು ನುಂಗಲು, ಛಾವಣಿ ನೋಡಲು ಹೇಳುತ್ತೇನೆ. ಮೈಮರೆಸಿದ ರೋಗಿಯಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ.

ರಕ್ತಸ್ರಾವವೇ ನಿಜವಾದ ಶತ್ರು, ಗಂಡಸರಲ್ಲಿ ಹೆಂಗಸರಿಗಿಂತ ಜಾಸ್ತಿ. ನಮ್ಮಲ್ಲಿ ಅದಕ್ಕೆ ಎರಡು ಸ್ಥಳೀಯ ಕಾರಣಗಳಿವೆ. ಆಪರೇಷನ್ ಎಂದೊಡನೆ ಉಪವಾಸವೆಂದು ತಿಳಿದು ಬಿ.ಪಿ. ಮಾತ್ರೆಯನ್ನೂ ಬಿಟ್ಟು ಬರುತ್ತಾರೆ. ಹಿಂದಿನ ರಾತ್ರಿ ಫೋನ್ ಮಾಡಿ, ಬೆಳಗ್ಗೆ ಮತ್ತೆ ಫೋನ್ ಮಾಡಿ, ಮಾತ್ರೆ ನುಂಗಿದ್ದನ್ನು ಮನೆಯವರ ಬಾಯಿಂದ ಖಚಿತಪಡಿಸಿಕೊಳ್ಳುತ್ತೇವೆ. ಎರಡನೆಯದು ಬ್ಯಾಡಗಿ. ಅಲ್ಲಿನ ಮೆಣಸಿನಕಾಯಿ ದಲಾಲರೊಬ್ಬರು ಮರುದಿನವೇ ಅಂಗಡಿಗೆ ಹೋಗಿ ಕುಳಿತರು. ಹಂಗಾಮಿನ ಮಾರುಕಟ್ಟೆ, ಘಾಟು, ಒಂದೇ ಸಮನೆ ಕೆಮ್ಮು. ಸಂಜೆಗೆ ಕೊರಳು ಊದಿ ಬಿಗಿದಿತ್ತು. ಹುಬ್ಬಳ್ಳಿಗೆ ಕರೆಸಿಕೊಂಡು ಮೂರು ಹೊಲಿಗೆ ಬಿಚ್ಚಿ, ಹೆಪ್ಪುಗಟ್ಟಿದ ರಕ್ತ ತೆಗೆದು, ಮತ್ತೆ ಮುಚ್ಚಿದೆ. ಉಸಿರಿಗೆ ತೊಂದರೆಯಾಗಲಿಲ್ಲ, ಕಲೆಯೂ ಕೆಡಲಿಲ್ಲ. ಈಗ ಬ್ಯಾಡಗಿಯವರಿಗೆ ಜನವರಿಯಿಂದ ಮಾರ್ಚ್‌ವರೆಗೆ ತಾರೀಖೇ ಕೊಡುವುದಿಲ್ಲ.

ಬ್ರೆಜಿಲ್‌ನ ಔವರ್ಸ್‌ವಾಲ್ಡ್ 2014ರಲ್ಲಿ ಬರೆದ ಹೊಲಿಗೆಯ ಜಾಲವನ್ನೂ ಕೆಲವರಲ್ಲಿ ಹಾಕಿ ನೋಡಿದೆ. ಚರ್ಮವನ್ನು ಒಳಪದರಕ್ಕೆ ಸಾಲು ಸಾಲಾಗಿ ಪೋಣಿಸಿ ಎರಡು ಮೂರು ದಿನಕ್ಕೆ ತೆಗೆಯುವ ಉಪಾಯ. ರಕ್ತವೇನೋ ನಿಂತಿತು, ಆದರೆ ನಮ್ಮ ಚರ್ಮದಲ್ಲಿ ಪ್ರತಿ ಸೂಜಿಯ ಜಾಗಕ್ಕೂ ಕಪ್ಪು ಚುಕ್ಕೆ ಉಳಿಯಿತು, ಕೆಲವರಿಗೆ ಐದಾರು ತಿಂಗಳು. ಮದುವೆಯ ಫೋಟೋಗೆಂದು ಬಂದವರಿಗೆ ಚುಕ್ಕೆಯ ಕೊರಳು ಕೊಟ್ಟು ಕಳಿಸಲಾಗುವುದಿಲ್ಲ, ಬಿಟ್ಟೆ.

ಆಪರೇಷನ್ ಆದ ಮೇಲೆ ಕಟ್ಟುವ ಒತ್ತುಪಟ್ಟಿಯ ಕಥೆ ಬೇರೆ. ಹೊರದೇಶದ ಗದ್ದಪಟ್ಟಿ ಎರಡೂವರೆ ಸಾವಿರ, ಅದೂ ನಮ್ಮ ಏಪ್ರಿಲ್ ಸೆಕೆಗೆ ಬೆವರಿ ಗುಳ್ಳೆ ಏಳಿಸುತ್ತಿತ್ತು. ದುರ್ಗದ ಬೈಲಿನ ಹತ್ತಿರದ ದರ್ಜಿಯೊಬ್ಬರಿಗೆ ಮಾದರಿ ತೋರಿಸಿ, ಒಳಗೆ ಹತ್ತಿ ಬಟ್ಟೆ, ಹಿಂದೆ ಅಗಲದ ಇಲಾಸ್ಟಿಕ್ ಇಟ್ಟು ಹೊಲಿಸಿದೆ. ನೂರೈವತ್ತು ರೂಪಾಯಿ. ಮೊದಲ ಕಂತು ಕಿವಿಯನ್ನು ಮಡಚುತ್ತಿತ್ತು, ಆಮೇಲೆ ಅವರೇ ಕಿವಿಗೆ ಕಿಂಡಿ ಬಿಟ್ಟರು. ಈಗ ಧಾರವಾಡದ ಇಬ್ಬರು ವೈದ್ಯರೂ ಅವರ ಹತ್ತಿರವೇ ಹೊಲಿಸುತ್ತಾರೆ, ನನ್ನ ಹೆಸರು ಹೇಳದೆ.

ಕೀಲಾಯ್ಡ್ ಬಗ್ಗೆ ಅಷ್ಟೊಂದು ಹೆದರಿಸಿದ್ದರಲ್ಲ, ಆದದ್ದು ಇಷ್ಟು: ನಿಜವಾದ ಕೀಲಾಯ್ಡ್ ಈವರೆಗೆ ಒಂದೂ ಇಲ್ಲ. ಉಬ್ಬಿದ ಕಲೆ ಐದಾರು ಜನರಿಗೆ, ಹೆಚ್ಚಾಗಿ ಕೆಳತುದಿಯಲ್ಲಿ, ಹೆಚ್ಚಾಗಿ ಹಳೆಯ ಸಣ್ಣ ಝಡ್‌ನವರಿಗೆ. ವಯಸ್ಸಾದ ಚರ್ಮ ಸಡಿಲ, ಎಳೆತವಿಲ್ಲ, ಅದೇ ನಮ್ಮ ಪುಣ್ಯ. ಎದೆ ಅಥವಾ ಭುಜದಲ್ಲಿ ಹಳೆಯ ಕೀಲಾಯ್ಡ್ ಇದ್ದವರನ್ನು ಮೊದಲೇ ವಾಪಸು ಕಳಿಸುತ್ತೇನೆ. ಮೂರು ತಿಂಗಳು ಕಲೆ ಕಪ್ಪಾಗಿ ಕಾಣುತ್ತದೆ, ಆ ಅವಧಿಯಲ್ಲಿ ದಿನಾ ಫೋನ್ ಬರುತ್ತದೆ. ಟೇಪು, ಸಿಲಿಕೋನ್ ಜೆಲ್, ಬಿಸಿಲಿಗೆ ಹೊರಟರೆ ಕೊರಳಿಗೆ ರುಮಾಲು. ವರ್ಷದ ಹೊತ್ತಿಗೆ ಬಿಳಿ ಗಡ್ಡದ ನಡುವೆ ಹುಡುಕಬೇಕು. ಮೊದಲ ವಾರ ಕಡಕ್ ರೊಟ್ಟಿ ನಿಷಿದ್ಧ, ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಬಹುದು. ಗುಟ್ಕಾ, ಎಲೆ-ತಂಬಾಕು, ಬೀಡಿ ಬಿಟ್ಟು ತಿಂಗಳಾಗದವರನ್ನು ಮುಟ್ಟುವುದಿಲ್ಲ, ಝಡ್‌ನ ತುದಿ ಸಾಯುವುದು ಅವರಲ್ಲೇ.

ಹಣದ ಮಾತು. ಕಿವಿ ಸುತ್ತಿ ಮಾಡುವ ಪೂರ್ಣ ನೆಕ್ ಲಿಫ್ಟ್‌ಗೆ ಅರಿವಳಿಕೆ ತಜ್ಞರು, ದೊಡ್ಡ ಥಿಯೇಟರ್, ಒಂದು ರಾತ್ರಿಯ ವಾಸ ಎಲ್ಲ ಸೇರಿ ನಮ್ಮಲ್ಲೂ ಒಂದೂವರೆ ಲಕ್ಷ ದಾಟುತ್ತದೆ. ಇದಕ್ಕೆ ನಾನು ಈಗ ಐವತ್ತು ಸಾವಿರದ ಆಸುಪಾಸು ತೆಗೆದುಕೊಳ್ಳುತ್ತೇನೆ, ಮೇಲೆ ಜಿಎಸ್‌ಟಿ. ಸೌಂದರ್ಯ ಚಿಕಿತ್ಸೆ ಎಂದ ಮೇಲೆ ತೆರಿಗೆ ಉಂಟು, ವಿಮೆ ಇಲ್ಲ. ಇದನ್ನು ಮೊದಲೇ ಹೇಳದಿದ್ದರೆ ಬಿಲ್ಲಿನ ಮುಂದೆ ಜಗಳ. ಹೊಲಿಗೆ ದಾರ, ಔಷಧಿ, ಪಟ್ಟಿ ಎಲ್ಲ ಐದಾರು ಸಾವಿರ. ಮೊದಲ ಎರಡು ವರ್ಷ ಇಪ್ಪತ್ತೈದು ಸಾವಿರಕ್ಕೆ ಮಾಡಿ, ಉಬ್ಬಿದ ಕಲೆಗಳಿಗೆ ಪುಕ್ಕಟೆ ಚುಚ್ಚಿ, ಕೈಯಿಂದಲೇ ಕಳೆದುಕೊಂಡೆ. ಮನೆಯಲ್ಲಿ ಇದಕ್ಕೆ "ಧರ್ಮದ ಕೊರಳು" ಎಂದೇ ಹೆಸರಿಟ್ಟಿದ್ದರು.

ಹೆಂಗಸರಿಗೆ ಇದನ್ನು ಮಾಡುವುದಿಲ್ಲ, ಎಷ್ಟೇ ಒತ್ತಾಯಿಸಲಿ. ಅವರಿಗೆ ಗದ್ದದಡಿಯ ಮತ್ತು ಕಿವಿಯ ಹಿಂದಿನ ದಾರಿಯೇ ಸರಿ, ಅದರಲ್ಲಿ ಹೇಳುವಂಥ ಹೊಸತು ನನ್ನಲ್ಲಿಲ್ಲ. ಐವತ್ತೈದರ ಒಳಗಿನ ಗಂಡಸರಿಗೂ ಬೇಡ.

ಈಗ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಹಿಂದೆ ಬಿದ್ದಿದ್ದೇನೆ. 1962ರಲ್ಲಿ ಜಪಾನಿನ ಒಕಾಮೊಟೊ ದಂಪತಿ ಕೊಟ್ಟ ಔಷಧಿ, ಹೆರಿಗೆ ವಾರ್ಡಿನಲ್ಲಿ ಎಲ್ಲರೂ ಬಳಸುವುದೇ. ರೋಗಿಯ ಒಪ್ಪಿಗೆ ಪಡೆದು, ಅರಿವಳಿಕೆಯ ದ್ರಾವಣದಲ್ಲೇ ಸ್ವಲ್ಪ ಬೆರೆಸಲು ಹೇಳುತ್ತೇನೆ. ಒಬ್ಬರಿಗೆ ಹಾಕಿದರೆ ಮುಂದಿನವರಿಗೆ ಇಲ್ಲ, ಯಾರಿಗೆ ಹಾಕಿದೆ ಎಂಬುದು ದ್ರಾವಣ ಕಲಸುವ ಸಿಸ್ಟರ್‌ಗೆ ಮಾತ್ರ ಗೊತ್ತು. ಡ್ರೆಸ್ಸಿಂಗ್ ಬಿಚ್ಚಿದ ದಿನ ನೀಲಿಗಟ್ಟಿದ ಜಾಗವನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡುತ್ತಿದ್ದೇನೆ. ಹತ್ತು ಹನ್ನೆರಡು ಜನರಷ್ಟೇ ಆಗಿದ್ದಾರೆ, ಇನ್ನೂ ಅಷ್ಟೇ ಜನ ಆದ ಮೇಲೆ ಸಿಸ್ಟರ್ ಹತ್ತಿರದ ಚೀಟಿ ತೆಗೆಸುತ್ತೇನೆ.