ಅಮ್ಮ ಹೇಳಿದ್ದು, ನಾನು ಕಂಡದ್ದು

ನಾನು ಬುಟ್ಟಿ ಹೆಣೆಯುವ ಕೊರಗ ಬುಡಕಟ್ಟು ಸಮುದಾಯದವಳು. ಊರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯ ಕಾಗದಗಳಲ್ಲಿ ಮಲಯಾಳ. ಓದು ಬರಹ ಕಲಿತದ್ದು ಕನ್ನಡದಲ್ಲಿ, ಹಾಗಾಗಿ ನಮ್ಮ ಬದುಕಿನ ಕಥೆಯನ್ನೂ ಅದರಲ್ಲೇ ಬರೆದೆ.

ಮೊದಲು ಅಮ್ಮನನ್ನು ಮಾತಾಡಿಸಿದೆ. ಸುಮ್ನೆ ಎದುರು ಕೂತು ಕೇಳಿದರೆ ಅಮ್ಮ ಎರಡೇ ಮಾತಲ್ಲಿ ಮುಗಿಸುತ್ತಾಳೆ. ಬುಟ್ಟಿ ಹೆಣೆಯುವಾಗ ಪಕ್ಕದಲ್ಲಿದ್ದರೆ ಮಾತು ತಾನಾಗಿ ಬರುತ್ತದೆ. ಈ ಬಳ್ಳಿ ಮೊದಲು ಯಾವ ಗುಡ್ಡದಲ್ಲಿ ಸಿಗುತ್ತಿತ್ತು, ಅಲ್ಲಿ ಈಗ ಹೇಗೆ ರಬ್ಬರ್ ತೋಟ ಬಂದಿದೆ, ಬಳ್ಳಿಯಿಂದ ಹೆಣೆದ ಕುಡ್ಪು ಎಂಬ ಬುಟ್ಟಿ ಕೊಟ್ಟಾಗ ಯಾರು ಕೈತುಂಬ ಅಕ್ಕಿ ಕೊಟ್ಟರು, ಯಾರು ಅಂಗಳದ ಆಚೆಯೇ ನಿಲ್ಲಿಸಿದರು. ಇಸವಿ ಒಂದೂ ಇಲ್ಲ. ನಾನೂ ಇಸವಿಯ ಕ್ರಮ ಬಿಟ್ಟು, ಅವಳು ನಡೆದ ಗುಡ್ಡ, ದಾರಿಗಳನ್ನು ಹಿಡಿದು ಅಧ್ಯಾಯ ಮಾಡಿದೆ. ನನ್ನ ಹುಟ್ಟಿದ ತಾರೀಕು ಮೇಷ್ಟ್ರು ಅಂದಾಜಿಗೆ ಬರೆದದ್ದು. ಅಮ್ಮನಿಗೆ ನೆನಪಿರುವುದು ಬಳ್ಳಿಗೆ ಹೋಗಲಾಗದಷ್ಟು ಸುರಿದ ಮಳೆ. ಎರಡನ್ನೂ ಬರೆದೆ.

ಜಾಸ್ತಿ ಯೋಚಿಸಿದ್ದು ಅಜಲಿನ ಬಗ್ಗೆ. ಕೂದಲು, ಉಗುರು ಬೆರೆಸಿದ ಅನ್ನವನ್ನು ನಮ್ಮವರಿಗೆ ತಿನ್ನಿಸುತ್ತಿದ್ದ ಪದ್ಧತಿ ಅದು. ಕರ್ನಾಟಕದಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಅಜ್ಜಿ ಅನುಭವಿಸಿದ್ದನ್ನು ನಾನು ಅಮ್ಮನ ಬಾಯಲ್ಲಿ ಕೇಳಿದ್ದೇನೆ, ಕಂಡಿಲ್ಲ. 'ನಾನು' ಎಂದು ಬರೆಯಬಹುದಾ?

ಗ್ವಾಟೆಮಾಲಾದ ಮಾಯಾ ಸಮುದಾಯದ ರಿಗೊಬೆರ್ತಾ ಮೆಂಚು 1982ರಲ್ಲಿ ಹೇಳಿದ ಜೀವನಕಥೆಯನ್ನು ಬೇರೊಬ್ಬರು ಧ್ವನಿಮುದ್ರಿಸಿ ಪುಸ್ತಕ ಮಾಡಿದರು. 1992ರಲ್ಲಿ ಮೆಂಚು ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆಮೇಲೆ, ಕೆಲವು ಘಟನೆಗಳನ್ನು ಅವರು ಕಣ್ಣಾರೆ ಕಂಡಿರಲಿಲ್ಲ ಎಂಬ ದೊಡ್ಡ ವಾದ ಎದ್ದಿತು. ಇದು ನನ್ನೊಬ್ಬಳ ಕಥೆಯಲ್ಲ, ನನ್ನ ಜನರದ್ದು ಎಂದು ಅವರು ಮೊದಲೇ ಹೇಳಿದ್ದರು. ನನಗೆ ಅವರ ಮಾತು ಸರಿ ಅನ್ನಿಸುತ್ತದೆ. ಆದರೂ ನಮ್ಮ ಮಾತನ್ನು ಸುಳ್ಳು ಎನ್ನಲು ಕಾಯುವವರು ಇದ್ದೇ ಇರುತ್ತಾರೆ ಅಲ್ವಾ? ಅದಕ್ಕೇ ಅಂಥ ಕಡೆಗಳಲ್ಲಿ 'ಅಮ್ಮ ಹೇಳಿದ್ದು' ಎಂದೇ ಶುರು ಮಾಡಿದೆ.

ಬರೆದದ್ದನ್ನೆಲ್ಲ ತುಳುವಿನಲ್ಲಿ ಅಮ್ಮನಿಗೆ ಹೇಳಿದೆ. ಒಂದು ಮನೆಯ ಹೆಸರು ಬೇಡ ಅಂದಳು, ತೆಗೆದೆ. "ನಾವು ಡೋಲು ಬಾರಿಸಿ ಬೆಳಗಿನ ತನಕ ಕುಣಿದದ್ದನ್ನೂ ಬರಿ" ಅಂದಳು. ಆ ಅಧ್ಯಾಯ ಈಗ ಅಜಲಿಗಿಂತ ಮೊದಲಿದೆ.